ಬಾತು ಬಾರದೆ ಕಂಬಳಿ ಇಲ್ಲ

ಅಕ್ಟೋಬರ್ ೨೪, ಗುರುವಾರ

ಮೊಮ್ಮಗಳೇ, ಮತ್ತೆ ನನ್ನ ದಿನಚರಿ ಕದ್ದು ಓದುತ್ತಿದ್ದೀಯಾ, ಕಳ್ಳಿ? ಓದು, ನಿನಗೂ ಸ್ವಲ್ಪ ಬಿಸಿ ತಟ್ಟಲಿ.

ಇವತ್ತೂ ಕೆರೆಗೆ ಚಳಿಗಾಲದ ಒಂದು ಬಾತುಕೋಳಿಯೂ ಬರಲಿಲ್ಲ. ಎದ್ದೆದ್ದು ಕಿಟಕಿ ತೆಗೆದು ಕಿವಿಗೊಟ್ಟಿದ್ದೇ ಬಂತು. ಕಣ್ಣು ಹೋದ ಮೇಲೆ ನಿನ್ನ ತಾತನಿಗೆ ಅವುಗಳ ಕೂಗೇ ಕ್ಯಾಲೆಂಡರು. ಅದು ಕೇಳಿಸಿದ ಮೇಲೆಯೇ ಕಂಬಳಿ ಹೊದೆಯುವುದು. ಈಗ ಹಲ್ಲು ಕಟಕಟ ಅನ್ನುತ್ತಿದ್ದರೂ, ನಾನು ಹೊದಿಸಿದ್ದನ್ನು ಒದ್ದು ಕೆಳಗೆ ಹಾಕುತ್ತಾರೆ.

"ಬಾತೇ ಬಂದಿಲ್ಲ ಕಣೇ, ಚಳಿ ಎಲ್ಲಿಂದ ಬರುತ್ತೆ?"

"ಮತ್ತೆ ನಿಮ್ಮ ಎದೆಯೊಳಗೆ ಗೊರಗೊರ ಅಂತಿರೋದು ಏನು, ಬಾತೇನಾ?"

ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ನಾನು ಹಿತ್ತಲಿಗೆ ಹೋಗಿ, ಕಿಟಕಿಯ ಕೆಳಗೆ ನಿಂತು, ಬಾತಿನ ಹಾಗೆ ಕೂಗಿದೆ.

"ಈ ಬಾತಿಗೆ ಹಲ್ಲಿಲ್ಲ" ಎಂದು ಮಗ್ಗುಲು ಬದಲಿಸಿದರು.

ಬೇಸಿಗೆಯಲ್ಲಿ ಕೆರೆ ನೋಡಿಕೊಳ್ಳುವ ನಿನ್ನ ಆಫೀಸಿನವರು ದಂಡೆಯುದ್ದಕ್ಕೂ ದೀಪ ಹಾಕಿದರಲ್ಲ, ಹಕ್ಕಿಗಳು ಅದಕ್ಕೆ ಹೆದರಿದವೋ, ಇನ್ನೇನೋ, ನನಗೆ ತಿಳಿಯದು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದಷ್ಟು ದಿನ ಆ ದೀಪ ಆರಿಸಿ ನೋಡಲು ಅವರಿಗೆ ಹೇಳು. ಆಗುತ್ತೋ ಇಲ್ಲವೋ, ಇದರ ಕೆಳಗೇ ಬರೆ. ಮುಂದಿನ ತಿಂಗಳು ಹುಟ್ಟುವ ಮೊದಲೇ ಬರೆ. ಅಗೋ, ಮತ್ತೆ ಕಂಬಳಿ ಬಿತ್ತು.