ಕಾರಿನ ಬಣ್ಣ ಯಾವುದೆಂದು ಕೇಳಿದ ಕಚೇರಿಗೆ

ಟ್ಯಾಕ್ಸಿ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ನನ್ನ ದೂರಿನ ಮೊದಲನೆಯ ಸಾಲಿನಲ್ಲೇ ಬರೆದಿದ್ದೆ. ನನ್ನನ್ನೂ ನನ್ನ ದಾರಿ ತೋರುವ ನಾಯಿ ಬ್ರಾಮ್ಲಿಯನ್ನೂ ಹತ್ತಿಸಿಕೊಳ್ಳದೆ ಹೋದ ಟ್ಯಾಕ್ಸಿಯವನ ಮೇಲಿನ ದೂರು ಅದು. ತಮ್ಮ ಕಚೇರಿಯಿಂದ ಬಹಳ ಮರ್ಯಾದೆಯ ಉತ್ತರ ಬಂತು. ಕಾರಿನ ನೋಂದಣಿ ಸಂಖ್ಯೆ, ಅದರ ಬಣ್ಣ, ಚಾಲಕನ ಮುಖಚಹರೆ, ಇಷ್ಟನ್ನು ಈ ಶುಕ್ರವಾರದೊಳಗೆ ತಿಳಿಸಬೇಕಂತೆ, ಇಲ್ಲವಾದರೆ ಕಡತ ಮುಚ್ಚುತ್ತೀರಂತೆ. ನೆರೆಮನೆಯವಳು ಈ ಪತ್ರವನ್ನು ನನಗೆ ಓದಿ ಹೇಳುವಾಗ ನಗು ತಡೆಯಲಾರದೆ ಎರಡು ಸಲ ಅಡುಗೆಮನೆಗೆ ಹೋಗಿ ಬಂದಳು. ಬಣ್ಣದ ವಿಷಯದಲ್ಲಿ ನಾನು ಬ್ರಾಮ್ಲಿಯನ್ನೂ ಕೇಳಿದೆ. ಅವನು ಆಕಳಿಸಿದ.

ನಡೆದದ್ದನ್ನು ಮತ್ತೊಮ್ಮೆ ಹೇಳುತ್ತೇನೆ. ವೇಲ್ಸಿನ ಗುಡ್ಡದ ಹಳ್ಳಿಯಲ್ಲಿ ಬೆಳೆದವಳು ನಾನು. ಕತೆ ಎರಡನೆಯ ಸಲ ಹೇಳಿದಾಗಲೇ ರುಚಿ ಹತ್ತುವುದು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಕಳೆದ ತಿಂಗಳ ಒಂದು ಶನಿವಾರ ಬೆಳಿಗ್ಗೆ ನನ್ನ ತಮ್ಮ ಐವರ್‌ನ ಮದುವೆಯಿತ್ತು, ಗುಡ್ಡದಾಚೆಯ ಊರಿನ ನೋಂದಣಿ ಕಚೇರಿಯಲ್ಲಿ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಶೂ ಲೇಸು ಕಟ್ಟುವುದರಿಂದ ಹಿಡಿದು ಹುಡುಗಿಯರ ಹತ್ತಿರ ಸುಳ್ಳು ಹೇಳಬಾರದೆಂಬುದರವರೆಗೆ ಎಲ್ಲ ಕಲಿಸಿದವಳು ನಾನು. ಆದ್ದರಿಂದ ಅವನ ಕಡೆಯ ಸಾಕ್ಷಿಯಾಗಿ ಸಹಿ ಹಾಕಬೇಕಾದವಳೂ ನಾನೇ. ಹೊಸ ಟೋಪಿ ಕೊಂಡಿದ್ದೆ. ಬ್ರಾಮ್ಲಿಗೆ ಸ್ನಾನ ಮಾಡಿಸಿ, ಅವನ ಎದೆಪಟ್ಟಿಗೆ ಬಿಳಿ ರಿಬ್ಬನ್ ಕಟ್ಟಿದ್ದೆ. ರೈಲ್ವೆ ನಿಲ್ದಾಣದ ಮುಂದೆ ಒಂದೇ ಟ್ಯಾಕ್ಸಿ ನಿಂತಿತ್ತು. ಬ್ರಾಮ್ಲಿ ನನ್ನನ್ನು ನೇರವಾಗಿ ಅದರ ಬಾಗಿಲಿಗೆ ತಂದು ನಿಲ್ಲಿಸಿದ.

"ನಾಯಿ ಹತ್ಸಲ್ಲ ಮೇಡಂ," ಎಂದಿತು ಒಳಗಿನ ದನಿ.

"ನೀವ್ಯಾಕಪ್ಪಾ ಹತ್ಸಬೇಕು? ಅವನೇ ಹತ್ಕೋತಾನೆ."

"ತಮಾಷೆ ಅಲ್ಲ ಮೇಡಂ. ನಂಗೆ ಅಲರ್ಜಿ."

"ಹಾಗಾದ್ರೆ ವಿನಾಯಿತಿ ಪತ್ರ ಇರಬೇಕಲ್ಲ. ಕೊಡಿ, ಮುಟ್ಟಿ ನೋಡ್ತೀನಿ."

ತಮಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಈ ಪತ್ರ ಅಚ್ಚಾಗುವ ಪತ್ರಿಕೆಯ ಓದುಗರಿಗಾಗಿ. ನಮ್ಮ ನಾಯಿಗಳನ್ನು ಹತ್ತಿಸಿಕೊಳ್ಳುವುದು ಟ್ಯಾಕ್ಸಿಯವರ ಕರ್ತವ್ಯ. ಹೆಚ್ಚು ಬಾಡಿಗೆ ಕೇಳುವಂತಿಲ್ಲ, ನಾಯಿಯನ್ನು ನಮ್ಮಿಂದ ಬೇರೆ ಕೂರಿಸುವಂತಿಲ್ಲ. ನಿಜವಾಗಿ ಮೈಗೆ ಒಗ್ಗದವರಿಗೆ ವೈದ್ಯರ ಮಾತಿನ ಮೇಲೆ ತಮ್ಮ ಕಚೇರಿಯೇ ವಿನಾಯಿತಿ ಕೊಡುತ್ತದೆ. ಆ ಪತ್ರದ ಮೇಲೆ, ನಮ್ಮಂಥವರೂ ಮುಟ್ಟಿ ತಿಳಿಯಲೆಂದು, ದೊಡ್ಡದೊಂದು ಉಬ್ಬಕ್ಷರ ಇರುತ್ತದೆ. ಎಂಥ ಒಳ್ಳೆಯ ಏರ್ಪಾಡು! ಅದನ್ನು ಯೋಚಿಸಿದವರ ಕೈಗೆ ಮುತ್ತು ಕೊಡಬೇಕು.

ಒಳಗೆ ತಡಕಾಡಿದ ಸದ್ದು. ಆಮೇಲೆ ನನ್ನ ಕೈಗೆ ಚಿಕ್ಕದೊಂದು ಪ್ಲಾಸ್ಟಿಕ್ ಕಾರ್ಡು ಬಂತು. ಉಬ್ಬಕ್ಷರವೇನೋ ಇತ್ತು. ಒಂದಲ್ಲ, ಸಾಲುಗಟ್ಟಲೆ.

ಈ ಮನುಷ್ಯನ ದುರದೃಷ್ಟ, ನನ್ನ ಅಪ್ಪ ಗೋರಿಕಲ್ಲು ಕೆತ್ತುತ್ತಿದ್ದವರು. ಕಣ್ಣು ಚೆನ್ನಾಗಿದ್ದ ಕಾಲದಲ್ಲೇ ನಾನು ಅಕ್ಷರ ಕಲಿತದ್ದು ಅವರ ಕಲ್ಲುಗಳ ಮೇಲೆ ಬೆರಳಾಡಿಸಿ. ಊರಿನ ಸತ್ತವರೆಲ್ಲ ನನ್ನ ಮೇಷ್ಟ್ರುಗಳು. ನಾನು ನಿಧಾನವಾಗಿ ಬೆರಳು ಸರಿಸಿದೆ. ಮೊದಲು ಅಂಕಿಗಳು, ಅದರ ಕೆಳಗೆ ಒಂದು ಹೆಸರು.

"ಅಲರ್ಜಿಗೆ ಈಗ ಬ್ಯಾಂಕಿನೋರೇ ಪತ್ರ ಕೊಡ್ತಾರಾ?" ಎಂದು ಕೇಳಿ, ಅವನನ್ನು ಹೆಸರು ಹಿಡಿದು ಕರೆದೆ.

ಕಾರ್ಡು ನನ್ನ ಕೈಯಿಂದ ಹಾರಿಹೋಯಿತು. ಕಾರೂ ಹಾರಿಹೋಯಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಟ್ಯಾಕ್ಸಿ ಬಂತು. ಕಿಟಕಿ ಇಳಿಯಿತು, ಜೊತೆಗೇ ಒಂದು ದೊಡ್ಡ ಸೀನು.

"ಅಯ್ಯೋ ಅಕ್ಕಾ, ಕ್ಷಮಿಸಿ, ನಂಗೆ ನಿಜವಾಗ್ಲೂ ಆಗಲ್ಲ. ತಗೊಳ್ಳಿ, ಮುಟ್ಟಿ ನೋಡಿ." ಅವಳ ಹೆಸರು ನೆರಿಸ್. ಅವಳ ಪತ್ರ ಅಸಲಿ. "ಎಲ್ಲಿಗೆ ಹೋಗ್ಬೇಕು? ಮದುವೆಗಾ? ಅಯ್ಯೋ ದೇವ್ರೇ! ಇರಿ, ನಮ್ಮ ಭಾವ ಟ್ಯಾಕ್ಸಿ ಓಡಿಸ್ತಾರೆ, ಕರೀತೀನಿ."

ಭಾವ ಬರುವವರೆಗೂ ಅವಳು ಸೀನುತ್ತ ಅಲ್ಲೇ ನಿಂತಳು. "ನಿಮ್ಮ ನಾಯಿ ನೋಡೋಕೆ ಚೆಂದ, ದರಿದ್ರದ್ದು," ಎಂದು ಮಧ್ಯೆ ಮಧ್ಯೆ ಹೊಗಳಿದಳು. ಭಾವ ಬರಬೇಕಾದದ್ದು ಪಕ್ಕದ ಕಣಿವೆಯಿಂದ. ಬಂದವರು ನನ್ನನ್ನೂ ಬ್ರಾಮ್ಲಿಯನ್ನೂ ಹಿಂದಿನ ಸೀಟಿನಲ್ಲಿ ರಾಜ ರಾಣಿಯರ ಹಾಗೆ ಕೂರಿಸಿಕೊಂಡು ಗುಡ್ಡ ಹತ್ತಿಸಿದರು.

ನಾವು ತಲುಪುವ ಹೊತ್ತಿಗೆ ನೋಂದಣಿ ಕಚೇರಿಯಲ್ಲಿ ಬೇರೆ ಯಾರದೋ ಮದುವೆ ನಡೆಯುತ್ತಿತ್ತು. ಐವರ್ ಮೆಟ್ಟಿಲ ಮೇಲೆ ನಿಂತಿದ್ದ.

"ಎಲ್ಲಿದ್ದೆ ಅಕ್ಕಾ? ಆದಷ್ಟು ಹೊತ್ತು ತಡೆದೆ."

"ನಿಂತಿದ್ದೆ ಕಣೋ. ಯಾರು ಸಹಿ ಹಾಕಿದ್ರು?"

"ಹೂವು ತಂದ್ಕೊಟ್ಟೋರು."

ಆ ಹೂವಿನವರ ಮೇಲೆ ನನಗೇನೂ ಕೋಪವಿಲ್ಲ. ಒಳ್ಳೆಯ ಕೈಬರಹವಂತೆ. ಆದರೆ ನನ್ನ ತಮ್ಮನಿಗೆ ಮೊಮ್ಮಕ್ಕಳಾಗಿ, ಅವರು ಮದುವೆಯ ಆ ಕಾಗದ ತೆಗೆದು "ಇದು ಯಾರು ತಾತಾ?" ಎಂದು ಕೇಳಿದಾಗ ಅವನು ಏನು ಹೇಳಬೇಕು? ಅದನ್ನು ತಾವು ಯಾವ ಕಡತದಲ್ಲಿ ಸೇರಿಸುತ್ತೀರಿ?

ಚಾಲಕನ ಹೆಸರನ್ನು ದೂರಿನಲ್ಲೇ ತಮಗೆ ಬರೆದು ಕಳಿಸಿದ್ದೆ. "ಬೆರಳಿನಿಂದ ಓದಿದ್ದನ್ನು ಖಚಿತ ಗುರುತು ಎಂದು ಪರಿಗಣಿಸಲು ತೊಂದರೆಯಿದೆ" ಎಂದು ಅದೇ ಉತ್ತರದಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಿರಿ. ಹಾಗಾದರೆ ಆ ಉಬ್ಬಕ್ಷರದ ಪತ್ರಗಳನ್ನು ಯಾರಿಗಾಗಿ ಮಾಡಿಸಿದ್ದೀರಿ? ನನ್ನ ಬೆರಳು ನಿಮ್ಮ ಪತ್ರ ಓದುವಾಗ ಕಣ್ಣು, ನಿಮ್ಮ ಪರವಾನಗಿದಾರನ ಹೆಸರು ಓದಿದರೆ ಬರೀ ಬೆರಳೇ? ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೂ ತಾಯಿ ಇರಬಹುದು, ಅವರೂ ಈ ಪತ್ರಿಕೆ ಓದುತ್ತಿರಬಹುದು. ಅವನ ಅನ್ನ ಕಸಿಯುವ ಆಸೆಯೂ ನನಗಿಲ್ಲ. ನೀವು ಒಮ್ಮೆ ಕರೆದು, "ಯಾಕಪ್ಪಾ ಹೀಗೆ ಮಾಡಿದೆ?" ಎಂದು ಕೇಳಿದ್ದರೆ ಸಾಕಿತ್ತು. ನಮ್ಮ ಊರಿನ ಟ್ಯಾಕ್ಸಿಯವರಲ್ಲಿ ಬಹುಪಾಲು ನೆರಿಸ್‌ಳ ಭಾವನಂಥವರೇ. ಉಳಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕಣ್ಣಿಲ್ಲದವರ ಮುಂದೆ ಓಡಿಹೋದರೆ ನಂಬರು ಬರೆದುಕೊಳ್ಳುವವರು ಯಾರೂ ಇಲ್ಲ, ಕಚೇರಿಯವರು ನಂಬರಿಲ್ಲದೆ ಕುರ್ಚಿಯಿಂದ ಏಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಪ್ರತಿ ಟ್ಯಾಕ್ಸಿಯ ಬಾಗಿಲ ಹಿಡಿಯ ಪಕ್ಕ ಅದರ ಪರವಾನಗಿ ಸಂಖ್ಯೆ ಉಬ್ಬಿಕೊಂಡಿರಲಿ, ಹಿಡಿ ಹುಡುಕುವ ಕೈಗೇ ಸಿಗುವಂತೆ. ಅದಕ್ಕೆ ಸಭೆ, ಸಮಿತಿ, ಚಹಾ, ಬಿಸ್ಕತ್ತು ಎಲ್ಲ ಆಗಬೇಕಾದೀತು, ಗೊತ್ತು. ಅಲ್ಲಿಯವರೆಗೆ ಒಂದು ಸುಲಭದ ಉಪಾಯವಿದೆ. ತಮ್ಮ ಕಚೇರಿಯ ಕಿಟಕಿಯ ಎದುರಿಗೇ ಒಂದು ಟ್ಯಾಕ್ಸಿ ನಿಲ್ದಾಣವಿದೆಯಂತೆ. ಗುರುವಾರ ಬೆಳಿಗ್ಗೆ, ಕಡತ ಮುಚ್ಚುವ ಮುನ್ನಾದಿನ, ನಾನೂ ಬ್ರಾಮ್ಲಿಯೂ ಅಲ್ಲಿ ನಿಂತು ಟ್ಯಾಕ್ಸಿ ಕೇಳುತ್ತೇವೆ. ತಾವು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಳ್ಳಿ. ಹತ್ತಿಸಿಕೊಂಡವರಿಗೆ ಒಂದು ಕೃತಜ್ಞತೆಯ ಪತ್ರ ಬರೆಯಿರಿ. ಬಿಟ್ಟು ಓಡಿದವರ ನೋಂದಣಿ ಸಂಖ್ಯೆ, ಕಾರಿನ ಬಣ್ಣ, ಮುಖಚಹರೆ, ಮೂರನ್ನೂ ತಾವೇ ನೋಡಿ, ತಾವೇ ಬರೆದು, ಶುಕ್ರವಾರದೊಳಗೆ ತಮಗೇ ಕಳಿಸಿಕೊಳ್ಳಿ.

ಇಂತಿ,
ಗುರುವಾರದವರೆಗೂ ನಡೆದೇ ಓಡಾಡಲಿರುವ
ಗ್ವೆನೋ ಪ್ರಾಸರ್