ಅಲೆಕ್‌ನ ಅಚ್ಚು

ಫ್ಲೀಟ್‌ವುಡ್
12 ನವೆಂಬರ್ 1957

ಸಿರಿಲ್,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಿನ್ನ ಬಣ್ಣದ ಕೈಚಳಕಕ್ಕೆ ಲಂಡನ್ನಿನವರೇ ಬೆಚ್ಚಿಬಿದ್ದರು, ನೀನೂ ನೋಡಕ್ಕ ಎಂದು ಬರೆದಿದ್ದೆಯಲ್ಲ, ನೋಡಿದೆ. ನಮ್ಮ ಮೆಜೆಸ್ಟಿಕ್ ಟಾಕೀಸಿಗೇ ಆ ಚಿತ್ರ ಬಂತು. ಗೋರಿಯ ಬಾಗಿಲು ತೆರೆಯಿತು, ನಿನ್ನ ರಾಕ್ಷಸ ದೀಪದ ಕಡೆ ಮುಖ ತಿರುಗಿಸಿದ. ಸುಟ್ಟ ಎಡಗೆನ್ನೆ, ಕರಗಿದ ಕಿವಿ, ಮೇಲಕ್ಕೆ ಎಳೆದುಕೊಂಡ ತುಟಿ. ಇಡೀ ಟಾಕೀಸು ಕಿರುಚಿತು. ನಾನು ಕಿರುಚಲಿಲ್ಲ. ಆ ಮುಖಕ್ಕೆ ಇಷ್ಟು ವರ್ಷ ದಿನಾ ಮುಲಾಮು ಹಚ್ಚಿದವಳು ನಾನು.

ಯುದ್ಧದಲ್ಲಿ ವಿಮಾನದ ಜೊತೆ ಸುಟ್ಟುಕೊಂಡು ಬಂದ ನನ್ನ ಮಗನನ್ನು ಹೋದ ವರ್ಷದ ಈಸ್ಟರಿನಲ್ಲಿ ನೀನೇ ಅಲ್ಲವೇನೋ ನನ್ನ ಅಡುಗೆಮನೆ ಮೇಜಿನ ಮೇಲೆ ಮಲಗಿಸಿ, ಮೂಗಿಗೆ ಕೊಳವೆಯಿಟ್ಟು, ಮುಖಕ್ಕೆ ಗಾರೆ ಮೆತ್ತಿ ಅಚ್ಚು ತೆಗೆದದ್ದು?

"ಇದರ ಅಳತೆಗೆ ಒಂದು ಕೆನ್ನೆ, ಒಂದು ಕಿವಿ ಮಾಡಿ ಕಳಿಸ್ತೀನಿ ಕಣೋ ಅಲೆಕ್. ಮದುವೆ ದಿನ ಅಂಟಿಸ್ಕೊಂಡು ಚರ್ಚಿಗೆ ಹೋಗು" ಅಂದೆ.

ಚೆನ್ನಾಗಿ ನಮ್ಮ ಮೂಗಿಗೆ ತುಪ್ಪ ಸವರಿದೆ. ನಿನಗಿಷ್ಟವೆಂದು ಕುರಿಮಾಂಸ, ಆಲೂಗಡ್ಡೆ ಬೇಯಿಸಿ ಬಡಿಸಿದೆ ನಾನು. ಉಂಡ ಮನೆಯ ಜಂತೆ ಎಣಿಸಿ ಹೋದೆ ನೀನು.

ಮೆಜೆಸ್ಟಿಕ್‌ನಲ್ಲಿ ಚಿತ್ರ ಓಡಿಸುವವನು ಅಲೆಕ್ ಎಂಬುದಾದರೂ ನೆನಪಿತ್ತೆ? ಕತ್ತಲೆ ಕೋಣೆ, ಯಾರೂ ನೋಡುವುದಿಲ್ಲ ಎಂದೇ ಆ ಕೆಲಸ ಹಿಡಿದವನು. ಫಿಲ್ಮ್ ಸುರುಳಿ ಮುಗಿಯುವಾಗ ಪರದೆಯ ಮೂಲೆಯಲ್ಲಿ ಚುಕ್ಕೆ ಬರುತ್ತದಂತೆ, ಅದು ಕಂಡ ಕೂಡಲೇ ಮುಂದಿನ ಸುರುಳಿಯ ಯಂತ್ರ ಶುರು ಮಾಡಬೇಕು. ಕಣ್ಣು ತಿರುಗಿಸುವ ಹಾಗಿಲ್ಲ. ಆ ಗೋರಿಯ ದೃಶ್ಯ ಸುರುಳಿಯ ಕೊನೆಗೇ ಬರುತ್ತದೆ. ಜನ ಕಿಕ್ಕಿರಿದರು, ಮ್ಯಾನೇಜರು ಇನ್ನೊಂದು ವಾರ ಮುಂದುವರಿಸಿದ.

ಐಸ್‌ಕ್ರೀಮ್ ಮಾರುವ ಡೋರೀನ್ ದಿನಾ ಅವನಿಗೆ ಚಹಾ ಹಿಡಿದು ಮೇಲೆ ಹೋಗುತ್ತಿದ್ದಳು, ಸ್ವಲ್ಪ ಹೊತ್ತು ಕೂತು ಮಾತಾಡುತ್ತಿದ್ದಳು. ಅಲೆಕ್ ಅವಳನ್ನೇ ಮದುವೆಗೆ ಕೇಳಬೇಕೆಂದಿದ್ದ. ಈಗ ಚಹಾ ಮೆಟ್ಟಿಲ ಬುಡದಲ್ಲೇ ಇಟ್ಟು ಹೋಗುತ್ತಾಳೆ.

ಆ ಅಚ್ಚು ನನಗೆ ವಾಪಸ್ ಬೇಕು. ಅದು ನಿನ್ನ ಸ್ಟುಡಿಯೋದ ಕಪಾಟಿನಲ್ಲಿ ಕೂರಬಾರದು, ಎರಡನೇ ಚಿತ್ರಕ್ಕೆ ಒದಗಬಾರದು. ಸುತ್ತಿಗೆ ನನ್ನ ಹತ್ತಿರ ಇದೆ.

ತಮ್ಮನಿಗೆ ಶಾಪ ಹಾಕಿದರೆ ಅಮ್ಮನ ಆತ್ಮ ನೊಂದೀತು. ಹಾಗಾಗಿ ನಿನಗೆ ಒಳ್ಳೆಯದೇ ಆಗಲಿ, ಆದರೆ ನನ್ನ ಕಣ್ಣಮುಂದೆ ಬೇಡ.

ನಿನ್ನ ಅಕ್ಕ,
ಎನಿಡ್

ಮರೆತ ಮಾತು: ಸಿಟ್ಟೆಲ್ಲ ನನ್ನದು, ಅಲೆಕ್‌ನದಲ್ಲ. ನಿನ್ನೆಯೂ ಅಂಚೆಯವನು ಬಂದಾಗ ಅವನೇ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದ. "ಮಾಮ ಮೊದಲು ಸಿನಿಮಾದಲ್ಲಿ ಕೈ ಪಳಗಿಸ್ಕೊಂಡಿದಾನೆ ಅಷ್ಟೇ, ಅಮ್ಮ. ಇನ್ನು ನನ್ನ ಕೆನ್ನೆ ಶುರು ಮಾಡ್ತಾನೆ" ಅಂದ. ಅಚ್ಚನ್ನು ಅಂಚೆಯಲ್ಲಿ ಕಳಿಸಬೇಡ, ಸಿರಿಲ್. ನಿನ್ನ ಹೆಸರಿನ ಪಾರ್ಸೆಲ್ ಬಂದರೆ ಅವನೇ ಬಿಚ್ಚುತ್ತಾನೆ.