ಮೂರನೇ ರೆಕ್ಕೆ

ಸೂಲಿಬೆಲೆ
22-1-2025, ಬುಧವಾರ

ಪ್ರೀತಿಯ ಮುನಿಯಣ್ಣಾ,

ನಿನ್ನ ವಿಮಾನ ಬಿದ್ದದ್ದು ಅಮರನಿಂದಲ್ಲ, ನನ್ನಿಂದ. ಒಂದು ವರ್ಷದಿಂದ ಇದನ್ನು ಬಚ್ಚಿಟ್ಟಿದ್ದೆ. ನಿನ್ನ ಮೊಣಕಾಲು ನೋವು ಹೇಗಿದೆ? ನಿಮ್ಮ ಮಿಲಿಟರಿ ಯೂನಿಟ್ಟಿನಲ್ಲಿ ಈಗಲೂ ಹಿಮ ಬೀಳುತ್ತಿದೆಯಾ? ಕೊಟ್ಟು ಕಳಿಸಿದ ಉಪ್ಪಿನಕಾಯಿ ಚಳಿಗೆ ಹೆಪ್ಪುಗಟ್ಟಿತೇನೋ ಎಂದು ಅಮ್ಮನಿಗೆ ಚಿಂತೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸೀಮೆಹಸು ಹೆಣ್ಣುಕರು ಹಾಕಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ‘ಲೇ ಸಿದ್ದ, ವಿಷಯಕ್ಕೆ ಬಾ’ ಎನ್ನುತ್ತೀಯ, ನಾನು ಕರುವಿನ ವಿಷಯಕ್ಕೆ ಬರುತ್ತೇನೆ.

ನೀನು ಜೋಡಿಸಿದ ರಿಮೋಟ್ ವಿಮಾನವನ್ನು ರಜೆ ಮುಗಿಸಿ ಹೋಗುವಾಗ ಅತ್ತೆ ಮಗ ಅಮರನ ಕೈಗೆ ಕೊಟ್ಟೆ, ನನಗಲ್ಲ. ಹೊಲದಲ್ಲಿ ರಾಗಿ ಕೊಯ್ದ ಕೂಳೆ ಇತ್ತು. ಚಕ್ರ ಚಿಕ್ಕದು. ಮೇಲೇಳುವಾಗ ಹತ್ತಿಂಚಿನ ಪ್ರೊಪೆಲರಿನ ತುದಿ ಕೂಳೆಗೆ ಬಡಿದು ಎರಡು ಸಲ ಮುರಿಯಿತು. ಎರಡು ರೆಕ್ಕೆಗಿಂತ ಮೂರು ಗಟ್ಟಿ ಎಂದುಕೊಂಡು ಹತ್ತಿಂಚಿನದೇ ಮೂರು ರೆಕ್ಕೆಯ ಪ್ರೊಪೆಲರ್ ತಂದು, ಅಮರನಿಗೆ ಹೇಳದೆ ಹಾಕಿದೆ. ರೆಕ್ಕೆ ಒಂದು ಹೆಚ್ಚಿದರೆ ಅಳತೆ ಒಂದಿಂಚು ಇಳಿಸಬೇಕು, ಇಲ್ಲದಿದ್ದರೆ ಮೋಟಾರಿಗೆ ಹೊರೆ ಎಂದು ನೀನು ಡಬ್ಬದ ಮೇಲೆ ಬರೆದಿದ್ದೆ. ಓದಿದ್ದೆ. ಏನಾಗುತ್ತದೆ ನೋಡೋಣ ಅನ್ನಿಸಿತು. ಕೆರೆಯ ಮೇಲೆ ಐದನೇ ನಿಮಿಷಕ್ಕೆ ಮೋಟಾರಿಗೆ ಕರೆಂಟು ಕೊಡುವ ಸರ್ಕೀಟು ಸುಟ್ಟಿತು. ಅಮರ ರಿಮೋಟಿನ ಕಡ್ಡಿ ತಿರುಗಿಸುತ್ತಲೇ ಇದ್ದ, ವಿಮಾನ ಕೇಳಲಿಲ್ಲ. ನೀಲಗಿರಿ ತೋಪಿನಲ್ಲಿ ಬಿತ್ತು. ನಾನು ಮೊದಲು ಓಡಿಹೋಗಿ ಪ್ರೊಪೆಲರ್ ಬಿಚ್ಚಿ, ಚೀಲದಲ್ಲಿದ್ದ ಹಳೆಯ ಮುರಿದ ಎರಡು ರೆಕ್ಕೆಯದನ್ನು ತಿರುಪಿ ಕೂರಿಸಿದೆ. ಆಮೇಲೆ ನಿನಗೆ ಫೋನು ಮಾಡಿ, ಅಮರ ಮರಕ್ಕೆ ಹೊಡೆದ ಅಂದೆ.

ಆಟದ ಸಾಮಾನು ತಾನೇ ಎಂದುಕೊಂಡಿದ್ದೆ. ಚಂದನಕ್ಕನನ್ನು ಅಮರನಿಗೆ ಕೊಡೋಣವೇ ಎಂದು ಅಪ್ಪ ಕೇಳಿದಾಗ ನೀನು ‘ಒಂದ್ ವಿಮಾನ ಕೊಟ್ರೆ ಪುಡಿ ಮಾಡ್ದ, ತಂಗೀನ ಕೊಟ್ರೆ ಏನ್ ಮಾಡ್ತಾನೋ’ ಅಂದೆ. ಆ ಮಾತು ಅಲ್ಲಿಗೇ ನಿಂತಿತು. ಅತ್ತೆ ಮನೆಗೆ ಹಾಲು ಕೊಡಲು ಈಗ ಅಕ್ಕ ಹೋಗುವುದಿಲ್ಲ, ನಾನು ಹೋಗುತ್ತೇನೆ. ಫೆಬ್ರವರಿ ಒಂಬತ್ತಕ್ಕೆ ಚನ್ನರಾಯಪಟ್ಟಣದವರು ಅವಳನ್ನು ನೋಡಲು ಬರುತ್ತಾರೆ. ಮೊನ್ನೆ ಅವಳಿಗೆ ಎಲ್ಲ ಹೇಳಿದೆ. ಕೈಲಿದ್ದ ಮೊರ ಕೆಳಗಿಟ್ಟು, ‘ಅಣ್ಣಂಗೆ ನೀನೇ ಬರಿ’ ಅಂದಳು.

ವಿಮಾನ ರಿಪೇರಿ ಮಾಡಿದ್ದೇನೆ. ಎರಡು ರೆಕ್ಕೆಯದು ಬ್ಯಾಟರಿ ಕಡಿಮೆ ತಿನ್ನುತ್ತದೆ, ಸಮ ನೆಲವಿದ್ದರೆ ಅದೇ ಸರಿ. ನಮ್ಮ ಕೂಳೆಗೆ ಒಂಬತ್ತಿಂಚಿನ ಮೂರು ರೆಕ್ಕೆ ಹಾಕಿದೆ. ತಾಗುವುದಿಲ್ಲ, ಮೋಟಾರೂ ಕಾಯುವುದಿಲ್ಲ.

ಅಪ್ಪ, ಅಮ್ಮ ನಿನ್ನನ್ನು ಕೇಳಿದರು. ಕಾಲು ನೋಡಿಕೊ.

ನಿನ್ನ ತಮ್ಮ,
ಸಿದ್ದರಾಜು

ಮರೆತಿದ್ದೆ: ನಿನ್ನೆ ಅಮರನಿಗೂ ಹೇಳಿದೆ. ಅವನು ಗೋಡೆಯ ಗೂಡಿನಿಂದ ಒಂದು ಮುರಿದ ರೆಕ್ಕೆ ತೆಗೆದು ಮುಂದಿಟ್ಟ. ತೋಪಿನಲ್ಲಿ ನನ್ನ ಕಣ್ಣಿಗೆ ಬೀಳದೆ ಉಳಿದದ್ದು. ಹತ್ತಿಂಚು, ಮೂರು ರೆಕ್ಕೆ ಎಂದು ಅಚ್ಚಾಗಿತ್ತು. ‘ಅವತ್ತೇ ಸಿಕ್ತು ಕಣೋ. ನಿಮ್ಮಣ್ಣ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ’ ಅಂದ. ನೀನು ಕೇಳಲಿಲ್ಲ. ಫೆಬ್ರವರಿ ಒಂಬತ್ತರೊಳಗೆ ಅವನನ್ನು ಕೇಳು. ನಾನು ಪಿಲ್ಲಗುಂಪೆಯ ಫ್ಯಾಕ್ಟರಿ ಕೆಲಸ ಬಿಟ್ಟೆ. ಕೊಯಮತ್ತೂರಿನಲ್ಲಿ ಫ್ಯಾನಿನ ರೆಕ್ಕೆ ಮಾಡುವ ಕಡೆ ಕೆಲಸ ಸಿಕ್ಕಿದೆ. ನಾಳೆ ಹೊರಡುತ್ತೇನೆ.